ಕೆರೆ ನೀರಿಗೆ ಮೊದಲು: ಈರುಳ್ಳಿ ಬೇರಿನ ಕೋಶ ವಿಭಜನೆ, ಮೊದಲ ಸುತ್ತಿನ ದಾಖಲೆ

ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಬರುತ್ತಿರುವುದು ಎರಡು ಹಂತದಲ್ಲಿ ಸಂಸ್ಕರಿಸಿದ ನೀರು. ಮೂರನೇ ಹಂತವೂ ಆಗಲೇಬೇಕು ಎಂಬ ಕೂಗು ಇಲ್ಲಿ ಹಳೆಯದು. ಅಂಥ ನೀರಿನಲ್ಲಿ ಈರುಳ್ಳಿ ಬೇರು ಬೆಳೆಸಿ, ಬೇರಿನ ತುದಿಯ ಕೋಶಗಳು ನೆಟ್ಟಗೆ ವಿಭಜನೆಯಾಗುತ್ತಿವೆಯೇ ಎಂದು ನೋಡುವ ಒಂದು ಪರೀಕ್ಷೆ ಇದೆ. 1938ರಲ್ಲಿ ಸಸ್ಯವಿಜ್ಞಾನಿ ಆಲ್ಬರ್ಟ್ ಲೆವಾನ್ ಈರುಳ್ಳಿ ಬೇರಿನ ಮೇಲೆ ಕಾಲ್ಚಿಸಿನ್ ಎಂಬ, ಕೋಶ ವಿಭಜನೆ ಕೆಡಿಸುವ ವಿಷ ಪ್ರಯೋಗಿಸಿ ಮಾಡಿದ ಕೆಲಸದಿಂದ ಬೆಳೆದು ಬಂದ ವಿಧಾನ ಅದು. ಖರ್ಚು ಕಡಿಮೆ, ಹಳೆಯ ಸೂಕ್ಷ್ಮದರ್ಶಕ ಸಾಕು.

ಈ ಸುತ್ತಿನಲ್ಲಿ ಕೆರೆ ನೀರನ್ನು ಮುಟ್ಟಿಲ್ಲ. ನೀರಿನಲ್ಲಿ ವಿಷವಿದ್ದರೂ ಕೋಶದೊಳಗೆ ಡಿಎನ್‌ಎ ಹೊತ್ತ ವರ್ಣತಂತುಗಳು ಚೆದುರುತ್ತವೆ, ಸ್ಲೈಡಿನ ಮೇಲಿನ ಬೇರಿಗೆ ಮುಚ್ಚುವ ತೆಳು ಗಾಜನ್ನು, ಅಂದರೆ ಕವರ್ ಸ್ಲಿಪ್ಪನ್ನು, ಒತ್ತುವಾಗ ಹೆಬ್ಬೆರಳು ಜಾರಿದರೂ ಚೆದುರುತ್ತವೆ. ಯಾವುದು ನೀರಿನ ತಪ್ಪು, ಯಾವುದು ಬೆರಳಿನ ತಪ್ಪು ಎಂದು ಬಿಡಿಸಿ ಹೇಳಲಾಗದವರು ಕೆರೆಯ ಮೇಲೆ ದೂರು ಹೇಳಬಾರದು. ಹಾಗಾಗಿ ಮೊದಲು ಒಳ್ಳೆಯ ನೀರಿನ ಸ್ಲೈಡುಗಳು, ನಮ್ಮ ಕೈಯಿಂದಾಗುವ ತಪ್ಪುಗಳ ಪಟ್ಟಿ, ಆಮೇಲೆ ಕೆರೆ.

ದಿನ 0: ಗೆಡ್ಡೆ, ನೀರು

ಗೆಡ್ಡೆ ಗುಲಾಬಿ ಈರುಳ್ಳಿಯದು. ಈ ಕಡೆ ಬೆಳೆದು ಬಹುಪಾಲು ಹೊರದೇಶಕ್ಕೆ ಹಡಗು ಹತ್ತುವ, 2015ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕ ಬೆಂಗಳೂರು ರೋಸ್. ಗೆಡ್ಡೆ ಸಣ್ಣದು, ತಳ ಚಪ್ಪಟೆ. ಕಿರಿದಾದ ಬಾಯಿಯ ಗಾಜಿನ ಬಾಟಲಿಯ ಮೇಲೆ ಕಡ್ಡಿ ಚುಚ್ಚದೆಯೇ ಕೂರುತ್ತದೆ. ಸಾಂಬಾರ್ ಈರುಳ್ಳಿಯೂ ಆಗುತ್ತದೆ, ಬೆಳ್ಳುಳ್ಳಿಯೂ ಆಗುತ್ತದೆ. ಮೂರರಲ್ಲೂ ಕೋಶಕ್ಕೆ 16 ವರ್ಣತಂತು.

ಈರುಳ್ಳಿಯೇ ಏಕೆ? ಅದರ ವರ್ಣತಂತುಗಳ ಒಂದು ಸೆಟ್‌ನಲ್ಲಿ, ಅಂದರೆ ಹದಿನಾರರ ಅರ್ಧ ಎಂಟರಲ್ಲಿ, ಸುಮಾರು 1,600 ಕೋಟಿ ಅಕ್ಷರಗಳಷ್ಟು ಡಿಎನ್‌ಎ ಇದೆ. ಮನುಷ್ಯನದಕ್ಕಿಂತ ಐದು ಪಟ್ಟು. ಅಷ್ಟನ್ನು ಎಂಟಕ್ಕೆ ಹಂಚಿದರೆ ಒಂದೊಂದೂ ಹಗ್ಗದಂತೆ ದಪ್ಪ. ಪಕ್ಕದ ಶಿಡ್ಲಘಟ್ಟದಲ್ಲಿ ಬೇಕಾದಷ್ಟು ಸಿಗುವ ರೇಷ್ಮೆ ಹುಳುವನ್ನೇ ತೆಗೆದುಕೊಳ್ಳಬಹುದಲ್ಲ ಎನ್ನುವವರಿಗೆ: ಅದರ ಕೋಶದಲ್ಲಿ 56 ವರ್ಣತಂತು, ಒಂದೊಂದರಲ್ಲೂ ಎರಡು ಕೋಟಿಗೂ ಕಡಿಮೆ ಅಕ್ಷರ. ಸಾಲದ್ದಕ್ಕೆ ಅದರ ಸೆಂಟ್ರೋಮಿಯರ್, ಅಂದರೆ ವಿಭಜನೆಯಲ್ಲಿ ವರ್ಣತಂತುವನ್ನು ಹಿಡಿದೆಳೆಯುವ ಜಾಗ, ಒಂದೇ ಕಡೆ ಇರದೆ ವರ್ಣತಂತುವಿನ ಉದ್ದಕ್ಕೂ ಹರಡಿರುತ್ತದೆ, ಆದ್ದರಿಂದ ಎಳೆತದ ಹೊತ್ತಿನಲ್ಲಿ ಇಂಗ್ಲಿಷಿನ ‘ವಿ’ ಆಕಾರವೂ ಕಾಣಿಸುವುದಿಲ್ಲ. ಕಲಿಯುವ ಕಣ್ಣಿಗೆ ಅದು ಬೇಡ.

ಗೆಡ್ಡೆ ಆರಿಸುವಾಗ ಎರಡು ವಿಷಯ. ಹೊಲದಿಂದ ಆಗಷ್ಟೇ ಕಿತ್ತ ಗೆಡ್ಡೆ ಇನ್ನೂ ಸುಪ್ತಾವಸ್ಥೆಯಲ್ಲಿರುತ್ತದೆ, ವಾರವಾದರೂ ಬೇರು ಬಿಡದಿರಬಹುದು. ಮೊಳಕೆ ಬಾರದಂತೆ ವಿಕಿರಣ ಕೊಟ್ಟ ದಾಸ್ತಾನಿನ ಈರುಳ್ಳಿ ಈ ಕೆಲಸಕ್ಕೆ ಪೂರ್ತಿ ವ್ಯರ್ಥ. ಕೋಶ ವಿಭಜನೆಯನ್ನೇ ತಡೆಯುವುದು ಆ ವಿಕಿರಣದ ಉದ್ದೇಶ. ಮನೆಯಲ್ಲಿ ಒಂದೆರಡು ತಿಂಗಳು ಇಟ್ಟ, ಮೇಲೆ ಹಸಿರು ಮೊಳಕೆ ಇಣುಕುವ ಹಂತದಲ್ಲಿರುವ ಗಟ್ಟಿ ಗೆಡ್ಡೆ ಉತ್ತಮ.

ಒಣ ಸಿಪ್ಪೆ ತೆಗೆದು, ತಳದ ಹಳೆಯ ಒಣಬೇರುಗಳನ್ನು ಬ್ಲೇಡಿನಿಂದ ಹೆರೆದೆವು. ಆಳಕ್ಕೆ ಹೆರೆದರೆ ಹೊಸ ಬೇರಿನ ಮೊಗ್ಗುಗಳೂ ಹೋಗುತ್ತವೆ. ತಳದ ತಟ್ಟೆಯ ಅಂಚಿನಲ್ಲಿ ಬಿಳಿ ಉಂಗುರ ಕಂಡ ತಕ್ಷಣ ನಿಲ್ಲಿಸಬೇಕು. ಒಂದೊಂದು ನೀರಿಗೆ ಐದು ಗೆಡ್ಡೆ. ತಳ ಮಾತ್ರ ನೀರಿಗೆ ತಾಗಬೇಕು. ಮುಳುಗಿದರೆ ಎರಡನೇ ದಿನಕ್ಕೆ ಲೋಳೆ, ಮೂರನೇ ದಿನಕ್ಕೆ ನಾತ.

ನೀರು ಎರಡು ಬಗೆ: ಊರಿನ ಶುದ್ಧ ನೀರಿನ ಘಟಕದ ಕ್ಯಾನಿನದು, ಮತ್ತು ಕೊಳವೆ ಬಾವಿಯದು. ಘಟಕದ ನೀರಿನಲ್ಲಿ ಲವಣಗಳು ಬಹುಪಾಲು ಸೋಸಿಹೋಗಿರುತ್ತವೆ. ಬೇರಿಗೆ ಕ್ಯಾಲ್ಸಿಯಂ ಬೇಕಾದರೂ ಮೂರು ನಾಲ್ಕು ದಿನಕ್ಕೆ ಗೆಡ್ಡೆಯೊಳಗಿನದು ಸಾಲುತ್ತದೆ. ಕೊಳವೆ ಬಾವಿಯದು ಗಡಸು ನೀರು, ಲೋಟದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಈ ಜಿಲ್ಲೆಯ ಅನೇಕ ಕಡೆ ಅದರಲ್ಲಿ ಫ್ಲೋರೈಡ್ ಕೂಡ ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿ ಮೀರುತ್ತದೆ. ಅದನ್ನೂ ಸೇರಿಸಿಕೊಂಡದ್ದು ಬೇಕೆಂದೇ. ಇಲ್ಲಿಯ ಹೊಲದ ಬೆಳೆ ದಿನವೂ ಕುಡಿಯುವುದು ಆ ನೀರನ್ನು. ನಾಳೆ ಕೆರೆ ನೀರನ್ನು ಹೋಲಿಸಬೇಕಾದದ್ದು ಅದರೊಂದಿಗೆ, ಕ್ಯಾನ್ ನೀರಿನೊಂದಿಗೆ ಮಾತ್ರವಲ್ಲ. ನಲ್ಲಿ ನೀರು ಬಳಸುವವರು ಕ್ಲೋರಿನ್ ಹೋಗಲು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಡಿ.

ದಿನ 1, ದಿನ 2

ನೀರು ಬದಲಿಸಿದ್ದು ಬಿಟ್ಟರೆ ಬರೆಯುವಂಥದ್ದಿಲ್ಲ. ಎರಡನೇ ದಿನ ಸಂಜೆಗೆ ಬಿಳಿ ಚುಕ್ಕೆಗಳು.

ದಿನ 3: ಕೊಯ್ಲು

ಬೇರು ಒಂದೂವರೆಯಿಂದ ಎರಡು ಸೆಂ.ಮೀ. ಇರುವಾಗಲೇ ಕತ್ತರಿಸಬೇಕು. ಐದು ಸೆಂ.ಮೀ. ದಾಟಿದ, ತುದಿ ಕಂದುಗಟ್ಟಿದ ಬೇರಿನಲ್ಲಿ ಉದ್ದುದ್ದ ಕೋಶಗಳೇ ಸಿಗುವುದು. ಹೊತ್ತು ಯಾವುದು ಎಂಬುದಕ್ಕೆ ಪ್ರಯೋಗಾಲಯದ ಕೈಪಿಡಿಗಳು ಬೆಳಿಗ್ಗೆ 8ರಿಂದ 10 ಎನ್ನುತ್ತವೆ. ನಾವು 7, 9, 11 ಮತ್ತು 1 ಗಂಟೆಗೆ ಬೇರೆ ಬೇರೆ ಸೀಸೆಗಳಿಗೆ ಕೊಯ್ದೆವು. ವಿಭಜನೆಯ ಲೆಕ್ಕದಲ್ಲಿ ನಮ್ಮಲ್ಲಿ 9ರ ಸೀಸೆ ಮುಂದಿತ್ತು, 7ರದು ಬಡವಾಗಿತ್ತು. ರಾತ್ರಿಯ ಚಳಿಯಲ್ಲಿ ವಿಭಜನೆ ನಿಧಾನಿಸುತ್ತದೆ. ನಂದಿಬೆಟ್ಟದ ಮಗ್ಗುಲಲ್ಲಿ ಜನವರಿಯಲ್ಲಿ ಮಾಡುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಯಾವ ಹೊತ್ತು ಒಳ್ಳೆಯದು ಎನ್ನುವುದಕ್ಕಿಂತ ಎಲ್ಲ ನೀರಿನ ಬೇರುಗಳನ್ನೂ ಒಂದೇ ಹೊತ್ತಿಗೆ ಕೊಯ್ಯುವುದು ಮುಖ್ಯ. ಬಾವಿ ನೀರಿನದನ್ನು 9ಕ್ಕೆ, ಕೆರೆ ನೀರಿನದನ್ನು ಊಟವಾದ ಮೇಲೆ ಕೊಯ್ದರೆ, ಸಿಗುವ ವ್ಯತ್ಯಾಸ ಗಡಿಯಾರದ್ದು.

ಕತ್ತರಿಸಿದ ಕ್ಷಣವೇ ಕೋಶಗಳು ಇದ್ದಲ್ಲೇ ಸಾಯಬೇಕು. ಅದಕ್ಕೆ ಅಸಿಟೋ-ಆಲ್ಕೋಹಾಲ್: ಶುದ್ಧ ಈಥೈಲ್ ಆಲ್ಕೋಹಾಲ್ 30 ಮಿ.ಲೀ., ಗ್ಲೇಶಿಯಲ್ ಅಸಿಟಿಕ್ ಆಮ್ಲ 10 ಮಿ.ಲೀ. ಆಲ್ಕೋಹಾಲ್ ನೀರನ್ನು ಹೀರಿ ಅಂಗಾಂಶವನ್ನು ಕುಗ್ಗಿಸುತ್ತದೆ, ಅಸಿಟಿಕ್ ಆಮ್ಲ ಉಬ್ಬಿಸುತ್ತದೆ. ಎರಡೂ ಸೇರಿ ಆಕಾರ ಉಳಿಯುತ್ತದೆ. ಬೇಕಾದಾಗ ಆಗಿಂದಾಗ್ಗೆ ಬೆರೆಸಿಕೊಳ್ಳಿ. ಬೆರೆಸಿಟ್ಟರೆ ಇವೆರಡೂ ನಿಧಾನಕ್ಕೆ ಕೂಡಿ ಈಥೈಲ್ ಅಸಿಟೇಟ್ ಆಗುತ್ತದೆ. ಮುಚ್ಚಳ ತೆಗೆದಾಗ ಉಗುರುಬಣ್ಣ ಅಳಿಸುವ ದ್ರಾವಣದ ವಾಸನೆ ಬಂದರೆ ಚೆಲ್ಲಿಬಿಡಿ. ಅಡುಗೆ ವಿನೆಗರ್ ಇದಕ್ಕೆ ಬದಲಿ ಅಲ್ಲ. ಅದರಲ್ಲಿ ತೊಂಬತ್ತು ಭಾಗಕ್ಕೂ ಮಿಕ್ಕಿ ನೀರೇ.

ಚಳಿಗಾಲದ ಬೆಳಗಿನ ಜಾವ ಆಮ್ಲದ ಬಾಟಲಿ ಕಲ್ಲಾಗಿ ಕೂತಿದ್ದರೆ ಗಾಬರಿ ಬೇಡ. ಗ್ಲೇಶಿಯಲ್ ಅಸಿಟಿಕ್ ಆಮ್ಲ 16.6 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಾಟಲಿ ಇಡಿ, ಒಲೆಯ ಮೇಲಲ್ಲ. ಅದರ ಆವಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ.

24 ಗಂಟೆ ಅದರಲ್ಲಿಟ್ಟು, ಆಮೇಲೆ 70 ಶೇಕಡಾ ಆಲ್ಕೋಹಾಲ್‌ಗೆ. ಅಲ್ಲಿ ಫ್ರಿಜ್ಜಿನಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಸೀಸೆಯ ಮೇಲೆ ಪೆನ್ನಿನಲ್ಲಿ ಬರೆದ ಗುರುತು ಆಲ್ಕೋಹಾಲ್ ತಾಗಿ ಅಳಿಸಿತು. ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯನ್ನು ಸೀಸೆಯ ಒಳಗೇ ಹಾಕುವುದು ಮೇಲು.

ದಿನ 4: ಬಣ್ಣ ಮತ್ತು ಒತ್ತು

ಬಣ್ಣ ಅಸಿಟೋಕಾರ್ಮೈನ್. ಕಾರ್ಮೈನ್ ಪುಡಿ 1 ಗ್ರಾಂ, ಗ್ಲೇಶಿಯಲ್ ಅಸಿಟಿಕ್ ಆಮ್ಲ 45 ಮಿ.ಲೀ., ಬಟ್ಟಿ ಇಳಿಸಿದ ನೀರು 55 ಮಿ.ಲೀ. ಬಯಲಿನಲ್ಲಿ ಸಣ್ಣ ಉರಿಯ ಮೇಲೆ ಕುದಿಸಿ, ಆರಿಸಿ, ಸೋಸಬೇಕು. ಸೋಸದೆ ಬಳಸಿದ ಬಣ್ಣ ಸ್ಲೈಡಿನ ಮೇಲೆ ಕಡುಗೆಂಪು ಹರಳುಗಳಾಗಿ ಕೂರುತ್ತದೆ, ಹೊಸಬರು ಅದನ್ನೇ ವರ್ಣತಂತು ಎಂದು ಎಣಿಸುತ್ತಾರೆ. ಹರಳು ಕೋಶದ ಗೋಡೆಯನ್ನೂ ದಾಟಿ ಬಿದ್ದಿರುತ್ತದೆ, ಫೋಕಸ್ ತಿರುಗಿಸಿದರೆ ಬೇರೆಯೇ ಮಟ್ಟದಲ್ಲಿ ಸ್ಪಷ್ಟವಾಗುತ್ತದೆ.

ಅದಕ್ಕೂ ಮೊದಲು ಬೇರನ್ನು ಸಡಿಲಿಸಬೇಕು. ಕೋಶದಿಂದ ಕೋಶಕ್ಕೆ ಪೆಕ್ಟಿನ್ನಿನ ಅಂಟು ಇದೆ. ಅದನ್ನು ಕರಗಿಸದೆ ಎಷ್ಟು ಒತ್ತಿದರೂ ತುದಿ ಒಂದೇ ಗಂಟಾಗಿ ಉಳಿಯುತ್ತದೆ. ಒಂದು ನಾರ್ಮಲ್ (ಆಮ್ಲದ ಗಾಢತೆಯ ಅಳತೆ) ಹೈಡ್ರೋಕ್ಲೋರಿಕ್ ಆಮ್ಲ, 60 ಡಿಗ್ರಿ, 8 ನಿಮಿಷ. ಗಾಢ ಆಮ್ಲ ಸುಮಾರು 12 ನಾರ್ಮಲ್ ಇರುವುದರಿಂದ 8.3 ಮಿ.ಲೀ. ಅನ್ನು ನೀರಿಗೆ ಹಾಕಿ 100 ಮಿ.ಲೀ. ಮಾಡಿಕೊಂಡೆವು. ನೀರಿಗೆ ಆಮ್ಲ, ಆಮ್ಲಕ್ಕೆ ನೀರು ಹಾಕಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಸ್ಟೀಲ್ ಪಾತ್ರೆಯ ಬಿಸಿನೀರಿನಲ್ಲಿ ಗಾಜಿನ ಸೀಸೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್.

ಐದು ನಿಮಿಷಕ್ಕೆ ತೆಗೆದ ತುದಿಗಳು ರಬ್ಬರಿನಂತಿದ್ದವು. ಹದಿನೈದು ನಿಮಿಷ ಬಿಟ್ಟವು ಸೂಜಿ ತಾಗಿದರೆ ಹುಡಿಯಾಗುತ್ತಿದ್ದವು, ಬಣ್ಣವೂ ಪೇಲವ. ಎಂಟರ ಆಸುಪಾಸು ಹದ. ಆಮೇಲೆ ಎರಡು ಸಲ ನೀರಿನಲ್ಲಿ ಜಾಲಾಡದಿದ್ದರೆ ಉಳಿದ ಆಮ್ಲ ಬಣ್ಣ ಹಿಡಿಯಲು ಬಿಡುವುದಿಲ್ಲ.

ಶಾಲೆಗಳಲ್ಲಿ ಮಾಡುವ ಕ್ರಮ ಇದಕ್ಕಿಂತ ಸರಳ: ವಾಚ್ ಗ್ಲಾಸಿನಲ್ಲಿ ಬೇರು, ಅದರ ಮೇಲೆ ಮೂರು ನಾಲ್ಕು ಹನಿ ಬಣ್ಣ, ಒಂದು ಹನಿ ಹತ್ತನೇ ಒಂದು ನಾರ್ಮಲ್ ಆಮ್ಲ, ಸ್ಪಿರಿಟ್ ಲ್ಯಾಂಪಿನ ಮೇಲೆ ಸ್ವಲ್ಪ ಬೆಚ್ಚಗೆ ಮಾಡಿ ಹತ್ತು ನಿಮಿಷ ಮುಚ್ಚಿಡುವುದು. ಹಂತಗಳನ್ನು ತೋರಿಸಲು ಅದು ಸಾಕು. ಹೋಲಿಕೆಗೆ ಸಾಲದು, ಬಿಸಿಯ ಅಳತೆ ಕೈಯಂದಾಜಿನದಾದ್ದರಿಂದ. ಬಣ್ಣ ಕುದಿಯಿತೆಂದರೆ ಅಂದಿನ ಬೇರು ಹೋಯಿತು.

ಬಣ್ಣದಲ್ಲಿ ಅರ್ಧ ಗಂಟೆ ಇಟ್ಟ ಬೇರನ್ನು ಬೆಳಕಿಗೆ ಹಿಡಿದರೆ ತುದಿಯ ಒಂದೂವರೆ ಮಿ.ಮೀ. ಮಾತ್ರ ಕಡುಗೆಂಪಾಗಿ, ಮೇಲಿನದು ತಿಳಿಯಾಗಿ ಕಾಣುತ್ತದೆ. ತುದಿಯ ಕೋಶಗಳು ಚಿಕ್ಕವು, ಒತ್ತೊತ್ತಾಗಿವೆ, ಕೋಶದ ತುಂಬ ಕೋಶಕೇಂದ್ರವೇ; ಅದಕ್ಕೇ ಅಷ್ಟು ಕೆಂಪು. ಆ ಕೆಂಪು ಭಾಗವೇ ಬೇಕಾದದ್ದು. ತೀರಾ ಮೊನೆಯಲ್ಲಿರುವುದು ಬೇರಿನ ಟೋಪಿ, ಅಲ್ಲಿ ವಿಭಜನೆ ಹುಡುಕಬೇಡಿ. ನಮ್ಮ ಮೊದಲ ಸ್ಲೈಡುಗಳಲ್ಲಿ ಒಂದೂ ವಿಭಜನೆ ಕಾಣದ್ದಕ್ಕೆ ಕಾರಣ ಹೊತ್ತಲ್ಲ, ಬಣ್ಣವಲ್ಲ. ಕತ್ತರಿಸಿದ ತುಂಡು ನಾಲ್ಕು ಮಿ.ಮೀ. ಇತ್ತು. ಮೇಲಿನ ಉದ್ದ ಕೋಶಗಳು ಕವರ್ ಸ್ಲಿಪ್ಪನ್ನು ಎತ್ತಿ ಹಿಡಿದು ಕೆಳಗಿನವು ಹರಡದಂತೆ ಮಾಡಿದ್ದವು.

ಈಗ ಒತ್ತು. ಸ್ಲೈಡಿನ ಮೇಲೆ ಒಂದು ಸಣ್ಣ ಹನಿ 45 ಶೇಕಡಾ ಅಸಿಟಿಕ್ ಆಮ್ಲ, ಅದರಲ್ಲಿ ತುದಿ. ಸೂಜಿಯಿಂದ ಎರಡು ಮೂರು ಚೂರು ಮಾಡಿ. ಕವರ್ ಸ್ಲಿಪ್ಪಿನ ಒಂದಂಚು ಮೊದಲು ತಾಗಿಸಿ ನಿಧಾನಕ್ಕೆ ಇಳಿಸಿದರೆ ಗುಳ್ಳೆ ಬರುವುದಿಲ್ಲ. ಬೆಂಕಿಕಡ್ಡಿಯ ಹಿಂಬದಿಯಿಂದ ನೇರವಾಗಿ, ಮಳೆಹನಿ ಬಿದ್ದಷ್ಟೇ ಹಗುರವಾಗಿ, ಮೂವತ್ತು ನಲವತ್ತು ಸಲ ತಟ್ಟಿ. ಕೆಂಪು ಚುಕ್ಕೆ ಹರಡಿ ಮೋಡದಂತಾಗುತ್ತದೆ. ಆಮೇಲೆ ನಾಲ್ಕು ಪದರ ಫಿಲ್ಟರ್ ಪೇಪರ್ ಮೇಲಿಟ್ಟು, ಎಡಗೈ ಬೆರಳಿನಿಂದ ಕವರ್ ಸ್ಲಿಪ್ಪಿನ ಅಂಚು ಹಿಡಿದು, ಬಲ ಹೆಬ್ಬೆರಳನ್ನು ಉರುಳಿಸದೆ, ತಿರುಚದೆ, ನೇರ ಕೆಳಕ್ಕೆ ಒಂದೇ ಸಲ. ತಟ್ಟುವಾಗ ತೋರಿಸಿದ ತಾಳ್ಮೆ ಒತ್ತುವಾಗಿನ ಬಲವನ್ನು ಉಳಿಸುತ್ತದೆ.

ಜಾರಿದ ಸ್ಲೈಡ್ ಗುರುತಿಸಲು ಹಂತಗಳನ್ನೇ ನೋಡಬೇಕಿಲ್ಲ. ವಿಭಜನೆಯಲ್ಲಿಲ್ಲದ, ವಿಶ್ರಾಂತಿಯ ಕೋಶಕೇಂದ್ರಗಳನ್ನು ನೋಡಿ: ಅವೆಲ್ಲ ಒಂದೇ ದಿಕ್ಕಿಗೆ ಬಾಲ ಎಳೆದುಕೊಂಡಂತೆ, ಧೂಮಕೇತುವಿನಂತೆ ಇದ್ದರೆ ಹೆಬ್ಬೆರಳು ಜಾರಿದೆ. ಆ ಸ್ಲೈಡಿನಲ್ಲಿ ಕಂಡ ಯಾವ ‘ಹಿಂದುಳಿದ ವರ್ಣತಂತು’ವನ್ನೂ ಲೆಕ್ಕಕ್ಕೆ ಬರೆಯಕೂಡದು. ಈ ಸುತ್ತಿನಲ್ಲಿ ನಮಗೆ ಸಿಕ್ಕ ಅತ್ಯಂತ ಉಪಯುಕ್ತ ಗುರುತು ಇದೇ.

ಅಂಚಿಗೆ ಉಗುರುಬಣ್ಣ ಬಳಿದರೆ ಕೆಲವು ದಿನ ಒಣಗದು.

ದಿನ 5: ಕಂಡದ್ದು

10 ಎಕ್ಸ್ ವಸ್ತುಮಸೂರದಲ್ಲಿ ಹುಡುಕಿ, 40 ಎಕ್ಸ್‌ನಲ್ಲಿ ಗುರುತಿಸಿದೆವು. ಕಂಡೆನ್ಸರಿನ ಡಯಾಫ್ರಂ ಪೂರ್ತಿ ತೆರೆದಿಟ್ಟರೆ ಬೆಳಕು ಹೆಚ್ಚಾಗಿ ಎಲ್ಲ ಮಾಸಲು; ಅರ್ಧಕ್ಕೆ ಮುಚ್ಚಿದರೆ ಅಂಚುಗಳು ಏಳುತ್ತವೆ.

ನೂರರಲ್ಲಿ ತೊಂಬತ್ತರಷ್ಟು ಕೋಶಗಳು ಎರಡು ವಿಭಜನೆಗಳ ನಡುವಿನ ವಿಶ್ರಾಂತಿಯಲ್ಲಿ, ಅಂದರೆ ಇಂಟರ್‌ಫೇಸ್‌ನಲ್ಲಿರುತ್ತವೆ. ನಯವಾದ ದುಂಡು ಕೋಶಕೇಂದ್ರ, ಒಳಗೆ ಅಷ್ಟಾಗಿ ಬಣ್ಣ ಹಿಡಿಯದ ಒಂದೆರಡು ಚುಕ್ಕೆ, ಅದು ನ್ಯೂಕ್ಲಿಯೋಲಸ್. ವಿಶ್ರಾಂತಿ ಎನ್ನುವುದು ಹೆಸರಿಗೆ ಮಾತ್ರ. ಡಿಎನ್‌ಎ ಇಮ್ಮಡಿಯಾಗುವುದು ಈ ಹೊತ್ತಿನಲ್ಲೇ.

ವಿಭಜನೆಯ ಮೊದಲ ಹಂತವಾದ ಪ್ರೋಫೇಸ್‌ನಲ್ಲೇ ಹೆಚ್ಚು ಜಗಳ. ಕೋಶಕೇಂದ್ರ ಊದಿ, ಒಳಗೆ ಉಣ್ಣೆ ಉಂಡೆಯಂತೆ ಎಳೆಗಳು. ಎಲ್ಲಿಗೆ ಇಂಟರ್‌ಫೇಸ್ ಮುಗಿದು ಎಲ್ಲಿಗೆ ಇದು ಶುರುವಾಯಿತು ಎಂಬುದಕ್ಕೆ ಪ್ರಕೃತಿಯಲ್ಲಿ ಗೆರೆಯಿಲ್ಲ, ಆದ್ದರಿಂದ ಗೆರೆ ನಾವೇ ಎಳೆಯಬೇಕು. ನಮ್ಮ ನಿಯಮ: ಒಂದಾದರೂ ಎಳೆಯನ್ನು ಕೋಶಕೇಂದ್ರದ ಅರ್ಧ ಅಗಲದಷ್ಟು ದೂರ ಕಣ್ಣಿನಿಂದ ಹಿಂಬಾಲಿಸಲು ಆದರೆ ಪ್ರೋಫೇಸ್, ಇಲ್ಲವಾದರೆ ಇಂಟರ್‌ಫೇಸ್. ಎಣಿಕೆಗೆ ಮೊದಲೇ ಇದನ್ನು ಬರೆದು ಗೋಡೆಗೆ ಅಂಟಿಸಿದೆವು. ಇಬ್ಬರು ಒಂದೇ ಸ್ಲೈಡ್ ಎಣಿಸಿ ಬೇರೆ ಬೇರೆ ಸಂಖ್ಯೆ ಹೇಳುವುದು ಹೆಚ್ಚಾಗಿ ಇಲ್ಲಿಯೇ.

ಪ್ರೋಫೇಸ್ ಕೊನೆಗೆ ನ್ಯೂಕ್ಲಿಯೋಲಸ್ ಮಾಯ, ಕೋಶಕೇಂದ್ರದ ಪೊರೆ ಮಾಯ. ಮೆಟಾಫೇಸ್‌ನಲ್ಲಿ ವರ್ಣತಂತುಗಳ ಸೆಂಟ್ರೋಮಿಯರ್‌ಗಳು ಕೋಶದ ನಡುಮಟ್ಟಕ್ಕೆ ಬಂದು ನಿಲ್ಲುತ್ತವೆ. ತೋಳುಗಳು ಆಚೀಚೆ ಜೋತಾಡುತ್ತವೆ. ಪಕ್ಕದಿಂದ ಕಂಡರೆ ಅಡ್ಡ ಪಟ್ಟಿ, ಗುರುತಿಸುವುದು ಸುಲಭ. ಧ್ರುವದ ಕಡೆಯಿಂದ ಕಂಡರೆ ಅದೇ ಮೆಟಾಫೇಸ್ ಹೂವಿನಂತೆ ವೃತ್ತಾಕಾರ, ಅದನ್ನು ಪ್ರೋಫೇಸ್‌ಗೆ ಸೇರಿಸಿಬಿಡುವುದು ಸಾಮಾನ್ಯ ತಪ್ಪು. ಪ್ರೋಫೇಸ್‌ನಲ್ಲಿ ಎಳೆ ತೆಳು, ಸುತ್ತಳತೆ ದುಂಡು. ಇಲ್ಲಿ ಎಳೆ ಗಿಡ್ಡ, ದಪ್ಪ, ತುದಿಗಳು ಹೊರಕ್ಕೆ ಚಾಚಿರುತ್ತವೆ. ವರ್ಣತಂತುಗಳನ್ನು ಎಳೆಯುವ ಕದಿರು ನಾರುಗಳು ಮಾತ್ರ ಕಾಣುವುದಿಲ್ಲ. ಕಾರ್ಮೈನ್ ಅವಕ್ಕೆ ಹಿಡಿಯುವುದಿಲ್ಲ. ಪುಸ್ತಕದ ಚಿತ್ರದಲ್ಲಿರುವ ಸೆಂಟ್ರಿಯೋಲ್ ಜೋಡಿ, ಅದರ ಸುತ್ತಲಿನ ನಕ್ಷತ್ರ ಕೂಡ ಕಾಣುವುದಿಲ್ಲ, ಏಕೆಂದರೆ ಈರುಳ್ಳಿಯಲ್ಲಿ ಅವು ಇಲ್ಲವೇ ಇಲ್ಲ, ಚಿತ್ರ ಪ್ರಾಣಿಕೋಶದ್ದು. ಇಲ್ಲದ್ದನ್ನು ಸ್ಲೈಡ್ ನೋಡಿ ಬರೆದಂತೆ ರೆಕಾರ್ಡ್ ಪುಸ್ತಕದಲ್ಲಿ ಬಿಡಿಸುವ ಅಭ್ಯಾಸ ಇನ್ನಾದರೂ ನಿಲ್ಲಬೇಕು.

16 ಎಣಿಸಿಯೇ ತೀರಬೇಕು ಎನ್ನುವವರು ಕೊಯ್ದ ಬೇರನ್ನು ಫಿಕ್ಸ್ ಮಾಡುವ, ಅಂದರೆ ಅಸಿಟೋ-ಆಲ್ಕೋಹಾಲ್‌ಗೆ ಹಾಕುವ, ಮೊದಲು 24 ಗಂಟೆ ಮಂಜುಗಡ್ಡೆಯ ನೀರಿನಲ್ಲಿಡಿ. ಚಳಿಗೆ ಕದಿರು ನಾರುಗಳು ಕಳಚಿ, ವರ್ಣತಂತುಗಳು ಗಿಡ್ಡವಾಗಿ, ಬಿಡಿಬಿಡಿಯಾಗಿ ಹರಡುತ್ತವೆ. ಕಾಲ್ಚಿಸಿನ್ ಕೂಡ ಅದನ್ನೇ ಮಾಡುತ್ತದೆ, ಆದರೆ ವಿಷ. ನಮ್ಮ ಬೇಲಿಗಳಲ್ಲಿ ಹಬ್ಬುವ ಅಗ್ನಿಶಿಖೆಯ ಗೆಡ್ಡೆಯಲ್ಲಿರುವುದೂ ಇದೇ ವಿಷ. ಅದನ್ನು ಅರೆದು ಪ್ರಯೋಗ ಮಾಡುವ ಉತ್ಸಾಹ ಬೇಡ. ಇಂಥ ಉಪಚಾರ ಕೊಟ್ಟ ಬೇರಿನಲ್ಲಿ ಅನಾಫೇಸ್ ಸಿಗುವುದಿಲ್ಲ, ಎಳೆಯುವ ನಾರೇ ಇಲ್ಲವಲ್ಲ. ಆ ಸ್ಲೈಡುಗಳನ್ನು ಹಂತಗಳ ಎಣಿಕೆಗೆ ಬಳಸಬಾರದು.

ಅನಾಫೇಸ್ ಅಪರೂಪ, ಕಂಡರೆ ಮರೆಯುವುದಿಲ್ಲ. ಇಮ್ಮಡಿಯಾದ ವರ್ಣತಂತುವಿನ ಎರಡು ಎಳೆಗಳಾದ ಜೋಡಿ ಕ್ರೊಮ್ಯಾಟಿಡ್‌ಗಳನ್ನು ಬಿಗಿದ ಕೊಹೆಸಿನ್ ಎಂಬ ಪ್ರೋಟೀನನ್ನು ಸೆಪರೇಸ್ ಕಿಣ್ವ ಕತ್ತರಿಸಿದೊಡನೆ ಎಲ್ಲವೂ ಒಟ್ಟಿಗೆ ಬಿಟ್ಟುಕೊಳ್ಳುತ್ತವೆ. 16 ಇದ್ದದ್ದು ಈಗ 32, ಅತ್ತ 16, ಇತ್ತ 16. ಸೆಂಟ್ರೋಮಿಯರ್ ಮುಂದೆ, ತೋಳುಗಳು ಹಿಂದೆ. ಮುಂದಿನ ಸುತ್ತಿಗೆ ನಿಜವಾಗಿ ಬೇಕಾದ ಹಂತ ಇದು. ವರ್ಣತಂತು ಮುರಿದು ತಪ್ಪಾಗಿ ಬೆಸೆದುಕೊಂಡಿದ್ದರೆ ಎರಡು ಗುಂಪಿನ ನಡುವೆ ಸೇತುವೆಯಂತೆ ಎಳೆ ನಿಲ್ಲುತ್ತದೆ; ಕದಿರಿಗೆ ಸಿಗದ ಚೂರು ನಡುವೆಯೇ ಉಳಿಯುತ್ತದೆ. ಆದರೆ ಈಗಷ್ಟೇ ಬಿಡಿಸಿಕೊಳ್ಳುತ್ತಿರುವ ಉದ್ದ ತೋಳುಗಳೂ ಸೇತುವೆಯಂತೆ ಕಾಣುತ್ತವೆ. ಎರಡು ಗುಂಪುಗಳ ನಡುವೆ ಪೂರ್ತಿ ಬಿಳಿ ಜಾಗ ಮೂಡಿದ ಮೇಲೂ ಎಳೆ ಇದ್ದರೆ ಮಾತ್ರ ಸೇತುವೆ ಎಂದು ಬರೆಯುವುದೆಂದು ತೀರ್ಮಾನಿಸಿದೆವು.

ಟೀಲೋಫೇಸ್: ಎರಡು ತುದಿಯಲ್ಲಿ ಎರಡು ಕಡುಗೆಂಪು ಮುದ್ದೆ, ನಡುವೆ ಕೋಶತಟ್ಟೆಯ ಸಣ್ಣ ಗೆರೆ. ಆ ಗೆರೆ ನಡುವಿನಿಂದ ಗೋಡೆಯ ಕಡೆಗೆ ಬೆಳೆಯುತ್ತದೆ. ಪ್ರಾಣಿಕೋಶದಂತೆ ಸೊಂಟ ಕುಗ್ಗಿ ಎರಡಾಗುವುದಿಲ್ಲ.

ದಿನ 6, 7: ಎಣಿಕೆ

ಸ್ಲೈಡಿಗೆ ಕನಿಷ್ಠ 1,000 ಕೋಶ. ಕಣ್ಣಿಗೆ ಚೆನ್ನಾಗಿ ಕಂಡ ಜಾಗಕ್ಕೆ ಹೋಗಿ ಎಣಿಸಿದರೆ ವಿಭಜನೆ ಯಾವಾಗಲೂ ಹೆಚ್ಚೇ ಬರುತ್ತದೆ; ಸ್ಲೈಡಿನ ಎಡಮೂಲೆಯಿಂದ ಹೊಲ ಉತ್ತ ಹಾಗೆ ಸಾಲು ಹಿಡಿದು ಹೋಗಬೇಕು. ಯಾವ ಸ್ಲೈಡ್ ಯಾವ ನೀರಿನದು ಎಂದು ಎಣಿಸುವವರಿಗೆ ಗೊತ್ತಿರಬಾರದು. ಸಂಖ್ಯೆ ಅಂಟಿಸುವವರೇ ಬೇರೆ.

ವಿಭಜನೆಯಲ್ಲಿರುವ ಕೋಶಗಳನ್ನು ಒಟ್ಟು ಕೋಶಗಳಿಂದ ಭಾಗಿಸಿ ನೂರರಿಂದ ಗುಣಿಸಿದರೆ ವಿಭಜನಾ ಸೂಚ್ಯಂಕ. 1,000ಕ್ಕೆ 90 ಸಿಕ್ಕರೆ 9 ಶೇಕಡಾ. ಇದೇ ಎಣಿಕೆಯಿಂದ ಸಮಯವನ್ನೂ ಅಂದಾಜಿಸಬಹುದು: ಕೋಶದ ಪೂರ್ತಿ ಆವರ್ತನ 20 ಗಂಟೆ ಎಂದಿಟ್ಟುಕೊಂಡರೆ, 1,000ದಲ್ಲಿ 8 ಅನಾಫೇಸ್ ಎಂದರೆ ಆ ಹಂತಕ್ಕೆ ಹತ್ತು ನಿಮಿಷದ ಹತ್ತಿರ. ಬೆಳೆಯುತ್ತಿರುವ ಅಂಗಾಂಶದಲ್ಲಿ ಎಳೆಯ ಕೋಶಗಳೇ ಹೆಚ್ಚಿರುವುದರಿಂದ ಇದು ಸ್ಥೂಲ ಲೆಕ್ಕ, ಆದರೆ ಅನಾಫೇಸ್ ಏಕೆ ಅಷ್ಟು ಅಪರೂಪ ಎಂಬುದು ಇದರಿಂದಲೇ ಅರ್ಥವಾಗುತ್ತದೆ. ಬಸ್ ನಿಲ್ದಾಣದ ಒಂದೇ ಫೋಟೋದಲ್ಲಿ ಕಾಯುತ್ತ ಕೂತವರು ಹೆಚ್ಚು, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವರು ಒಬ್ಬಿಬ್ಬರು.

ಸುತ್ತು ಎರಡಕ್ಕೆ

ಎಲ್ಲ ಗೆಡ್ಡೆಗಳೂ ಮೊದಲ 48 ಗಂಟೆ ಒಳ್ಳೆಯ ನೀರಿನಲ್ಲೇ ಬೇರು ಬಿಡುತ್ತವೆ, ಆಮೇಲೆ 24 ಗಂಟೆ ಕೆರೆ ನೀರಿಗೆ. ಮೊದಲಿನಿಂದಲೇ ಕೆರೆ ನೀರಿಗೆ ಇಟ್ಟು ಬೇರೇ ಬಾರದಿದ್ದರೆ ನೋಡಲು ಕೋಶವೇ ಇರುವುದಿಲ್ಲ. ಕೆರೆ ನೀರು ಪೂರ್ತಿ, ಅರ್ಧ, ಕಾಲು ಎಂದು ಮೂರು ಬಲದಲ್ಲಿ. ಜೊತೆಗೆ ಕ್ಯಾನ್ ನೀರು, ಬಾವಿ ನೀರು. ತೂಬಿನ ಹತ್ತಿರದ್ದು ಒಂದು, ನೀರು ಬಂದು ಬೀಳುವ ಕಡೆಯದು ಒಂದು, ಎರಡೂ ಒಂದೇ ಬೆಳಿಗ್ಗೆ ಹಿಡಿದದ್ದು, ಅದೇ ದಿನ ಬಾಟಲಿಗೆ. ಧೂಮಕೇತು ಕಂಡ ಸ್ಲೈಡುಗಳನ್ನು ಎಣಿಕೆಗೆ ಮೊದಲೇ ತೆಗೆದುಹಾಕುವುದು, ಎಷ್ಟು ತೆಗೆದೆವು ಎಂಬುದನ್ನೂ ಬರೆಯುವುದು. ಕಾರ್ಮೈನ್ ಇನ್ನು 20 ಮಿ.ಲೀ. ಉಳಿದಿದೆ, ಹೊಸದನ್ನು ಕುದಿಸಬೇಕು. ಹೊಸ ಬಣ್ಣದಲ್ಲಿ ಬಾವಿ ನೀರಿನ ಸ್ಲೈಡುಗಳನ್ನೂ ಮತ್ತೊಮ್ಮೆ ಮಾಡಬೇಕು, ಹಳೆಯವನ್ನು ಹೋಲಿಕೆಗೆ ಇಟ್ಟುಕೊಳ್ಳುವಂತಿಲ್ಲ.